ಕತ್ತಿಯೋ ಸೂಜಿಯೋ: ನಾವಿಬ್ಬರು ಕೋಪನ್‌ಹೇಗನ್ನಿಗೆ ಹೋದದ್ದು

ಮಾನ್ವಿ

ಡೆನ್ಮಾರ್ಕಿನಿಂದ ತಿರುಗಿ ಬಂದಾಗ ಊರವರೆಲ್ಲ ಕೇಳಿದ್ದು ಒಂದೇ ಪ್ರಶ್ನೆ, ಅಲ್ಲಿ ಏನೇನು ನೋಡಿದಿರಿ ಎಂದು. ಅರಮನೆ ನೋಡಿದೆ, ಸಮುದ್ರ ನೋಡಿದೆ, ಸೈಕಲ್ ಮೇಲೆ ಹೋಗುವ ಮುದುಕಿಯರನ್ನು ನೋಡಿದೆ ಎಂದು ಹೇಳಿ ಪಾರಾದೆ. ನಿಜವಾಗಿ ನಾನು ಹೆಚ್ಚು ಹೊತ್ತು ನೋಡಿದ್ದು ಒಂದು ಆಸ್ಪತ್ರೆಯ ಕಾರಿಡಾರನ್ನು ಮತ್ತು ಒಬ್ಬ ಹೆಣ್ಣುಮಗಳ ಬೆನ್ನನ್ನು. ಹೋದದ್ದು ಪ್ರಾಸ್ಟೇಟ್ ಗ್ರಂಥಿಯ ಕ್ಯಾನ್ಸರಿನ ಸಲುವಾಗಿ. ಗಂಡಸರು ಇದನ್ನು ಬಾಯಿಬಿಟ್ಟು ಹೇಳುವುದಿಲ್ಲ. ಹೇಳದೆ ಮುಚ್ಚಿಟ್ಟರೆ ಎಂಥ ಪಜೀತಿಯಾಗುತ್ತದೆ ಎಂಬುದು ನನಗೆ ಗೊತ್ತಾಗಿದೆ, ಅದಕ್ಕೆ ಬರೆಯುತ್ತಿದ್ದೇನೆ.

ನನ್ನದು ಮಾನ್ವಿಯಲ್ಲಿ ಅಕ್ಕಿ ಗಿರಣಿ. ಎಂಬತ್ತರ ದಶಕದ ನಡುವಿನ ಮಾತು, ನನಗೆ ಅರವತ್ತು ತುಂಬಿತ್ತು. ಗಳಿಗೆಗೊಮ್ಮೆ ಮೂತ್ರಕ್ಕೆ ಎದ್ದು ಹೋಗುವುದು ಹೆಚ್ಚಾಗಿ, ಗಿರಣಿಯ ಹಮಾಲರೆಲ್ಲ ನನ್ನನ್ನು ನೋಡಿ ಮುಸಿಮುಸಿ ನಗುವಂತಾದಾಗ ರಾಯಚೂರಿಗೆ ಹೋದೆ. ಅಲ್ಲಿನ ಡಾಕ್ಟರು ಎಲ್ಲಿ ಬೆರಳಿಟ್ಟು ನೋಡಬೇಕೋ ಅಲ್ಲಿ ಇಟ್ಟು ನೋಡಿ, ಕೈ ತೊಳೆದುಕೊಳ್ಳುತ್ತ, “ಸಾವಕಾರ್ರ, ಒಂದು ಸಣ್ಣ ಗಂಟು ಕೈಗೆ ಹತ್ತಾಕತ್ತದ. ಹೈದರಾಬಾದಿಗೆ ಹೋಗಿ ಬರ್ರಿ” ಎಂದರು. ಹೈದರಾಬಾದಿನಲ್ಲಿ ಸೂಜಿ ಹಾಕಿ ಆ ಗಂಟಿನ ಚೂರು ತೆಗೆದರು. ನಾವು ಭತ್ತದ ಚೀಲ ಬಿಚ್ಚದೆ, ಕೊಳವೆ ಚುಚ್ಚಿ ನಾಲ್ಕು ಕಾಳು ಹೊರಗೆಳೆದು ಅಂಗೈಯಲ್ಲಿ ಉಜ್ಜಿ ನೋಡುತ್ತೇವಲ್ಲ, ಅದೇ ಕೆಲಸ. ಜೀವಮಾನವೆಲ್ಲ ಚೀಲಕ್ಕೆ ಚುಚ್ಚಿದವನಿಗೆ ಚೀಲದ ಸಂಕಟ ಏನೆಂದು ಅವತ್ತು ತಿಳಿಯಿತು.

ಕ್ಯಾನ್ಸರೇ ಆಗಿತ್ತು. ಮೂತ್ರಚೀಲದ ಕೆಳಗೆ ನೆಲ್ಲಿಕಾಯಿಯಷ್ಟು ದೊಡ್ಡ ಗ್ರಂಥಿ, ಅದರೊಳಗೆ ಈ ಗಂಟು. ಇನ್ನೂ ಹೊರಗೆ ಹಬ್ಬಿಲ್ಲ. ಹೈದರಾಬಾದಿನ ಡಾಕ್ಟರು, ಕೊಯ್ದು ಪೂರಾ ತೆಗೆಯುವುದು ಒಂದು ದಾರಿ, ಹೊರದೇಶದಲ್ಲಿ ಕೊಯ್ಯದೆ ಸೂಜಿಯಿಂದಲೇ ಮಾಡುವ ಹೊಸ ದಾರಿಯೂ ಇದೆ ಎಂದು ಕೇಳಿದ್ದೇನೆ, ಡೆನ್ಮಾರ್ಕಿನಲ್ಲಿ ಎಂದು ನೆನಪು ಎಂದರು. ಡೆನ್ಮಾರ್ಕ್ ಎಂದ ಕೂಡಲೆ ನನಗೂ ನನ್ನ ಹೆಂಡತಿ ಗೌರಮ್ಮನಿಗೂ ಒಟ್ಟಿಗೇ ನೆನಪಾದವನು ಯೆನ್ಸ್.

ಯೆನ್ಸ್ ಎಪ್ಪತ್ತರ ದಶಕದಲ್ಲಿ ನಮ್ಮ ಗಿರಣಿಗೆ ಭತ್ತ ಒಣಗಿಸುವ ಯಂತ್ರ ಕೂಡಿಸಲು ಬಂದ ಡೆನ್ಮಾರ್ಕಿನ ಮಿಸ್ತ್ರಿ. ಎರಡು ತಿಂಗಳು ನಮ್ಮ ಮನೆಯಲ್ಲೇ ಉಂಡು ಮಲಗಿದ್ದ. ಊರಮಂದಿ ಅವನನ್ನು ಜನ್ಸಪ್ಪ ಮಾಡಿಬಿಟ್ಟಿದ್ದರು. ಚೀಕಲಪರ್ವಿಯ ಹೊಳೆಯಲ್ಲಿ ಚಡ್ಡಿ ಹಾಕಿಕೊಂಡು ಅವನು ಈಜಿದ್ದನ್ನು ನೋಡಲು ದಂಡೆಯ ತುಂಬ ಮಂದಿ ಕೂಡಿತ್ತು. ಗೌರಮ್ಮನ ಖಾರದ ಶೇಂಗಾ ಹಿಂಡಿ ತಿಂದು ಕಣ್ಣಲ್ಲಿ ನೀರು ಸುರಿಸುತ್ತಲೇ ಇನ್ನೊಂದು ರೊಟ್ಟಿ ಕೇಳುತ್ತಿದ್ದ. ಕಲಿತ ಕನ್ನಡ ಒಂದೇ ಮಾತು: “ಊಟ ಆತೇನ್ರಿ?” ಹೊತ್ತು ಗೊತ್ತು ನೋಡದೆ ಅದನ್ನೇ ಕೇಳುತ್ತಿದ್ದ. ಅವನಿಗೆ ಕಾಗದ ಬರೆದೆವು. ಆಸ್ಪತ್ರೆಯಲ್ಲಿ ವಿಚಾರಿಸಿದ್ದೇನೆ, ಇಬ್ಬರೂ ಬನ್ನಿ ಎಂದು ಉತ್ತರ ಬರೆದ.

ಹೊರಡುವ ಮುಂಚೆಯೇ ಗೌರಮ್ಮ ತನ್ನ ತೀರ್ಪು ಕೊಟ್ಟಿದ್ದಳು. ಅವಳ ತವರು ದೇವದುರ್ಗದ ಕಡೆ ಅರಕೇರಾ. ಅವಳಪ್ಪ ಎರೆಹೊಲದಲ್ಲಿ ಕರಿಕೆ ಹುಲ್ಲು ಕೀಳಿಸಿದ್ದನ್ನು ನೋಡಿ ಬೆಳೆದವಳು. “ಕರಿಕಿ ಬೇರು ಒಂದು ಬಟ್ಟು ಉಳಿದ್ರೂ ಮತ್ತ ಹೊಲ ತುಂಬ್ತದ. ಮ್ಯಾಲ ಮ್ಯಾಲ ಕೆದರೂದು ಬ್ಯಾಡ್ರಿ, ಬುಡಸಮೇತ ತೆಗಸ್ರಿ,” ಎಂದಳು. ನಾನು ಹೂಂ ಎಂದೆ. ಮೂವತ್ತೆಂಟು ವರ್ಷದ ಸಂಸಾರದಲ್ಲಿ ನಾನು ಹೂಂ ಎಂದದ್ದೆಲ್ಲ ಒಪ್ಪಿದ್ದಲ್ಲ ಎಂಬುದು ಅವಳಿಗೂ ಗೊತ್ತಿತ್ತು.

ಯೆನ್ಸನ ಮನೆ

ವಿಮಾನದ ಸುದ್ದಿ ಬಿಡುತ್ತೇನೆ. ನಿಲ್ದಾಣದಲ್ಲಿ ಯೆನ್ಸ್ ಎರಡೂ ಕೈ ಜೋಡಿಸಿ, “ಊಟ ಆತೇನ್ರಿ?” ಎಂದ. ತಲೆ ಪೂರ್ತಿ ನೆರೆತಿತ್ತು. ಗೌರಮ್ಮ ಅಲ್ಲೇ, ಅಷ್ಟು ಮಂದಿಯ ನಡುವೆ, ಚೀಲದಿಂದ ಖಡಕ್ ರೊಟ್ಟಿಯ ಗಂಟು ತೆಗೆದು ಅವನ ಕೈಗಿಟ್ಟಳು. ಅವನು ಅದನ್ನು ಮೂಸಿ ನೋಡಿ ಎದೆಗೊತ್ತಿಕೊಂಡ. ಅವನ ಹೆಂಡತಿ ತೀರಿಕೊಂಡು ವರ್ಷವಾಗಿತ್ತಂತೆ, ನಮಗೆ ಬರೆದಿರಲಿಲ್ಲ.

ಆ ದೇಶದಲ್ಲಿ ಮೇ ಮುಗಿಯುವ ಹೊತ್ತಿಗೆ ಸೂರ್ಯ ಮುಳುಗಲು ಒಲ್ಲೆ ಎನ್ನುತ್ತಾನೆ. ಅದು ಗೌರಮ್ಮನಿಗೆ ದೊಡ್ಡ ತೊಂದರೆಯಾಯಿತು. “ದೀಪ ಹಚ್ಚಬೇಕಂದ್ರ ಕತ್ತಲಾಗವಲ್ದು, ಮಾಡೂದರ ಏನು?” ಎಂದು ಕಿಟಕಿಯಲ್ಲಿ ನಿಂತು ಸೂರ್ಯನನ್ನು ಕಾಯುತ್ತಿದ್ದಳು. ಕೊನೆಗೆ ಮಾನ್ವಿಯ ಗಡಿಯಾರವೇ ಗತಿ ಎಂದು ನಿರ್ಧರಿಸಿ, ಅಲ್ಲಿ ದೀಪ ಹಚ್ಚುವ ಹೊತ್ತಿಗೆ ಇಲ್ಲಿ ಮಧ್ಯಾಹ್ನ ಮೂರಕ್ಕೇ ಹಚ್ಚತೊಡಗಿದಳು. ಯೆನ್ಸನಿಗೆ ಅದು ಸೋಜಿಗವೇ ಆಗಲಿಲ್ಲ. ಅವರಲ್ಲಿಯೂ ಹಗಲು ಊಟದ ಮೇಜಿನ ಮೇಲೆ ಮೇಣದಬತ್ತಿ ಹಚ್ಚಿಡುತ್ತಾರೆ, ಯಾವ ದೇವರಿಗೂ ಅಲ್ಲ, ಚೆಂದಕ್ಕೆ.

ಇನ್ನೊಂದು ದಿನ ಅಂಗಡಿಗೆ ಹೋದೆವು. ಬಾಗಿಲ ಹೊರಗೆ ಕೂಸಿನ ಗಾಡಿ ನಿಂತಿತ್ತು, ಒಳಗೆ ಆರು ತಿಂಗಳ ಕೂಸು ಮಲಗಿತ್ತು, ಹತ್ತಿರ ಒಂದು ನರಪಿಳ್ಳೆ ಇಲ್ಲ. ಅಲ್ಲಿ ತಾಯಂದಿರು ಕೂಸನ್ನು ಹೊರಗೆ ಗಾಳಿಗೆ ಮಲಗಿಸಿ ಒಳಗೆ ಸಾಮಾನು ತರಲು ಹೋಗುತ್ತಾರೆ, ಅದು ಪದ್ಧತಿ. ಗೌರಮ್ಮ ಕೇಳಲಿಲ್ಲ. “ಹಡದಾಕಿ ಬರೂತನ ನಾ ಕದಲಂಗಿಲ್ಲ,” ಎಂದು ಸೆರಗು ಬಿಗಿದು ಗಾಡಿಯ ಪಕ್ಕ ನಿಂತಳು. ತಾಯಿ ಹೊರಗೆ ಬಂದು, ನತ್ತು ಇಟ್ಟುಕೊಂಡ ಕಾವಲುಗಾರ್ತಿಯನ್ನು ನೋಡಿ ಗಾಬರಿಯಾದಳು. ಯೆನ್ಸ್ ಏನೋ ಹೇಳಿದ ಮೇಲೆ ನಕ್ಕು, ಗೌರಮ್ಮನ ಎರಡೂ ಕೈ ಹಿಡಿದುಕೊಂಡಳು. ನನಗೆ ಅವತ್ತು ನನ್ನ ಹೆಂಡತಿಯ ಬಗ್ಗೆ ಬಹಳ ಹೆಮ್ಮೆ ಅನಿಸಿತು, ಆದರೆ ನಾನು ಹೇಳಿದ್ದು ಮಾತ್ರ, “ನಡಿ ನಡಿ, ಹೊತ್ತಾತು” ಎಂದು.

ಆಸ್ಪತ್ರೆ, ಮೊದಲ ಸಲ

ನನ್ನ ಇಂಗ್ಲಿಷು ಯಂತ್ರದ ಕ್ಯಾಟಲಾಗು ಓದುವಷ್ಟು. ನಿಜಾಮರ ಕಾಲದ ಶಾಲೆಯಲ್ಲಿ ನಾನು ಕಲಿತದ್ದು ಉರ್ದು. ಆ ಉರ್ದು ಮುಪ್ಪಿನಲ್ಲಿ ಯುರೋಪಿನಲ್ಲಿ ಉಪಯೋಗಕ್ಕೆ ಬರುತ್ತದೆಂದು ನನ್ನ ಮಾಸ್ತರರು ಕನಸಿನಲ್ಲಿಯೂ ಎಣಿಸಿರಲಿಕ್ಕಿಲ್ಲ. ಕೋಪನ್‌ಹೇಗನ್ನಿನಲ್ಲಿ ಪಾಕಿಸ್ತಾನದಿಂದ ಕೆಲಸಕ್ಕೆ ಬಂದವರು ಬಹಳ ಮಂದಿ. ಅವರ ಸಲುವಾಗಿ ಆಸ್ಪತ್ರೆಯವರು ಮಾತು ತಿರುಗಿಸಿ ಹೇಳಲು ತಮ್ಮ ಅಡುಗೆಮನೆಯಲ್ಲಿ ಕೆಲಸ ಮಾಡುವ ಸಕೀನಾ ಬೀಯನ್ನು ಕರೆಯುತ್ತಿದ್ದರು. ಐವತ್ತರ ಹೆಂಗಸು. ಹುಟ್ಟಿದ್ದು ಹೈದರಾಬಾದಿನಲ್ಲಿ, ಚಿಕ್ಕವಳಿದ್ದಾಗ ಕರಾಚಿಗೆ ಹೋದ ಮನೆತನ, ಅಲ್ಲಿಂದ ಗಂಡನ ಜೊತೆ ಇಲ್ಲಿಗೆ. ಅವಳ ಬಾಯಿಂದ “ನಕ್ಕೊ”, ಅಂದರೆ ಬೇಡ, ಎಂಬ ನಮ್ಮ ಕಡೆಯ ಮಾತು ಬಿದ್ದ ಕೂಡಲೆ ನಾನು ರಾಯಚೂರಿನ ತೀನ್ ಕಂದಿಲ್ ಚೌಕದಲ್ಲಿ ನಿಂತಂತಾಯಿತು. ಅವಳ ದಖ್ಖನಿ ಉರ್ದುವನ್ನು ಇಲ್ಲಿ ನಮ್ಮ ಕನ್ನಡದಲ್ಲೇ ಬರೆಯುತ್ತೇನೆ.

ಗೌರಮ್ಮ ಒಳಗೆ ಬರಲು ಎದ್ದಳು. “ಇದು ಗಂಡಸರ ಮಾತು, ನೀ ಇಲ್ಲೇ ಕುಂದ್ರು,” ಎಂದು ಅವಳನ್ನು ಯೆನ್ಸನ ಜೊತೆ ಹೊರಗೆ ಕೂಡಿಸಿದೆ. ಒಳಗೆ ಹೋಗಿ ನೋಡಿದರೆ ಮಾತು ತಿರುಗಿಸಲು ಕೂತವಳೇ ಹೆಣ್ಣುಮಗಳು. ನನ್ನ ಮುಖ ನೋಡಿ ಸಕೀನಾ ಬೀಗೆ ಅರ್ಥವಾಯಿತು. ಕುರ್ಚಿಯನ್ನು ಕಿಟಕಿಯ ಕಡೆ ತಿರುಗಿಸಿ, ನನಗೆ ಬೆನ್ನು ಮಾಡಿ ಕೂತಳು. “ಭಾಯಿಸಾಬ್, ನೀವು ಡಾಕ್ಟರನ್ನ ನೋಡ್ರಿ, ನಾ ಗಿಡ ನೋಡ್ತೀನಿ. ಮಾತು ಅಷ್ಟ ನಡುವ ಓಡ್ಯಾಡ್ಲಿ,” ಎಂದಳು. ಅಂಥ ಮರ್ಯಾದೆಯನ್ನು ನಾನು ಬೇರೆ ಎಲ್ಲಿಯೂ ಕಂಡಿಲ್ಲ.

ಸರ್ಜನ್ ಡಾಕ್ಟರು ಎತ್ತರದ ಮನುಷ್ಯ, ಮಾತು ಮೆಲ್ಲಗೆ. ಹೈದರಾಬಾದಿನಿಂದ ತಂದ, ಗಂಟಿನ ಚೂರಿದ್ದ ಗಾಜಿನ ಪಟ್ಟಿಗಳನ್ನು ತಾವೂ ನೋಡಿದ್ದರು, ಬೆರಳಿಟ್ಟೂ ನೋಡಿದರು. ಆಮೇಲೆ ಒಂದೊಂದೇ ದಾರಿ ಬಿಡಿಸಿ ಹೇಳಿದರು. ಕೊಯ್ದು ಗ್ರಂಥಿಯನ್ನೇ ತೆಗೆಯಬಹುದು: ರೋಗ ಒಳಗೇ ಇದ್ದರೆ ಪೂರ್ತಿ ಹೋಗುತ್ತದೆ, ಆದರೆ ಕೆಲವು ವಾರ ಮೂತ್ರಕ್ಕೆ ನಳಿಕೆ, ಆಮೇಲೆ ಕೆಲವರಿಗೆ ಮೂತ್ರ ತಡೆಯಲು ಬರುವುದಿಲ್ಲ. ಹೊರಗಿನಿಂದ ಯಂತ್ರದ ಕಿರಣ ಬಿಡಬಹುದು: ಕೊಯ್ಯುವುದಿಲ್ಲ, ಆದರೆ ಆರೇಳು ವಾರ ದಿನಾ ಬರಬೇಕು, ಕಿರಣ ದಾರಿಯಲ್ಲಿ ಕರುಳನ್ನೂ ಸ್ವಲ್ಪ ಸುಡುತ್ತದೆ. ಗ್ರಂಥಿಯನ್ನು ಹಿಮಗಟ್ಟಿಸುವ ಪ್ರಯತ್ನವೂ ಕೆಲವು ಕಡೆ ನಡೆದಿತ್ತು, ಸುತ್ತಲಿನದೂ ಕೆಟ್ಟುಹೋಗುತ್ತದೆಂದು ಹೆಚ್ಚಿನವರು ಬಿಟ್ಟರಂತೆ. ಇನ್ನು ಸೂಜಿಯ ದಾರಿ: ಚರ್ಮದ ಮೂಲಕವೇ ಸೂಜಿ ಇಳಿಸಿ, ಕಿರಣ ಸೂಸುವ ಸಣ್ಣ ಸಣ್ಣ ಕಾಳುಗಳನ್ನು ಗ್ರಂಥಿಯೊಳಗೆ ಇಟ್ಟು ಬರುವುದು. ಅದನ್ನು ಮಾಡುವವರು ಬೇರೆ ಡಾಕ್ಟರು, ಅವರನ್ನು ಮುಂದಿನ ವಾರ ನೋಡಬೇಕು. ಏನೂ ಮಾಡದೆ ಆಗಾಗ ಪರೀಕ್ಷೆ ಮಾಡುತ್ತ ಕಾಯುವುದೂ ಒಂದು ದಾರಿಯೇ, ನಮ್ಮ ದೇಶದ ಎಷ್ಟೋ ಮುದುಕರು ಹಾಗೆಯೇ ಇದ್ದಾರೆ, ಆದರೆ ನಿಮ್ಮ ವಯಸ್ಸು ಅಷ್ಟಾಗಿಲ್ಲ ಎಂದರು. ತಮ್ಮ ಸಲಹೆ ಆಪರೇಷನ್ ಎಂದರು.

ಆಮೇಲೆ ನಾನು ಕೇಳದೆಯೇ ಇನ್ನೊಂದು ಮಾತು ಹೇಳಿದರು. ಸಕೀನಾ ಬೀಯ ಬೆನ್ನು ನೆಟ್ಟಗಾಯಿತು. ಗಿಡದ ಕಡೆಗೇ ಮಾರಿ ಮಾಡಿ, “ಭಾಯಿಸಾಬ್, ಆಪರೇಷನ್ ಆದಮ್ಯಾಲ ಗಂಡಹೆಂಡ್ರ ಸಂಬಂಧ ಬಹಳ ಮಂದಿಗೆ ಉಳಿಯಂಗಿಲ್ಲಂತ. ಅದನ್ನ ಉಳಿಸೂ ಹೊಸ ಕೈಚಳಕ ಅಮೇರಿಕಾದ ಕಡಿ ಸುರು ಆಗ್ಯದಂತ. ಇವರು ಮಾತು ಕೊಡಂಗಿಲ್ಲ ಅನ್ನಾಕತ್ತಾರ,” ಎಂದಳು.

ಆಗ ನಾನು ಮಾಡಿದ್ದನ್ನು ಮಾನ್ವಿ ಮಾರುಕಟ್ಟೆಯ ಮನುಷ್ಯನೊಬ್ಬನೇ ಮಾಡಬಲ್ಲ. ನಮ್ಮಲ್ಲಿ ಎದುರಿನವನ ಮಾತು ಭಾರವಾಯಿತೆಂದರೆ, ಕೈಯಲ್ಲಿದ್ದ ಕಾಳು ಚೀಲಕ್ಕೆ ಸುರಿದು, ಧೋತರ ಕೊಡವಿ, ಬ್ಯಾಡ ಬಿಡ್ರಿ ಎಂದು ಎದ್ದು ಹೊರಡುತ್ತೇವೆ. ಮೂರನೆಯ ಹೆಜ್ಜೆಗೆ ಹಿಂದಿನಿಂದ ಕೂಗು ಬರುತ್ತದೆ, ಬರ್ರಿ ಸಾವಕಾರ್ರ, ಹಂಗ ಯಾಕ ಹೋಗ್ತೀರಿ ಎಂದು. ಆಮೇಲೆಯೇ ನಿಜವಾದ ಮಾತು ಶುರುವಾಗುವುದು. ಎದ್ದು ಹೋಗದವನು ವ್ಯಾಪಾರಿಯೇ ಅಲ್ಲ. ನಲವತ್ತು ವರ್ಷದ ರೂಢಿ, ಕಾಲು ತಾವೇ ಎದ್ದವು. “ಬ್ಯಾಡ ಅಂತ ಹೇಳ್ರಿ,” ಎಂದು ಸಕೀನಾ ಬೀಗೆ ಹೇಳಿ, ಕೈ ಕೊಡವಿ ಹೊರಟೆ. ಡಾಕ್ಟರು ಕರೆದು, ಸರಿ, ಆ ಒಂದು ಸಂಗತಿಯನ್ನು ಉಳಿಸಿಕೊಡುತ್ತೇನೆ ಎನ್ನುತ್ತಾರೆ ಎಂದು ನನ್ನ ಲೆಕ್ಕ. ಮೂರು ಹೆಜ್ಜೆ ಆಯಿತು, ಹತ್ತು ಆಯಿತು. ಕಾರಿಡಾರಿನಲ್ಲಿ ಬೇಕೆಂದೇ ಮೆಲ್ಲಗೆ ನಡೆದೆ. ಲಿಫ್ಟಿನ ಬಾಗಿಲು ಬಂದರೂ ಯಾರೂ ಕರೆಯಲಿಲ್ಲ.

“ಏನಂದ್ರು?” ಎಂದು ಗೌರಮ್ಮ ಕೇಳಿದಳು. “ನೋಡೂಣಂತ ಅಂದಾರ,” ಎಂದೆ.

ಕಾಗದ ಬಂದ ದಿನ

ನಾಲ್ಕು ದಿನಕ್ಕೆ ಆಸ್ಪತ್ರೆಯಿಂದ ಕಾಗದ ಬಂತು. ಯೆನ್ಸ್ ಅಡುಗೆಮನೆಯ ಮೇಜಿನ ಮೇಲೆ ಅದನ್ನಿಟ್ಟು ಎರಡು ಸಲ ಓದಿ, ಬೆರಳಿನಿಂದ ಸಾಲು ಹಿಡಿದು ಸಣ್ಣ ಸಣ್ಣ ಇಂಗ್ಲಿಷಿನಲ್ಲಿ ಹೇಳಿದ. ನೀವು ಚಿಕಿತ್ಸೆ ಬೇಡವೆಂದು ನಿರ್ಧರಿಸಿದ್ದನ್ನು ಗೌರವಿಸುತ್ತೇವೆ. ನಿಮಗೆ ಕಾದಿರಿಸಿದ ಹಾಸಿಗೆಯನ್ನೂ ಮುಂದಿನ ವಾರದ ಭೇಟಿಯನ್ನೂ ರದ್ದು ಮಾಡಿದ್ದೇವೆ. ಊರಿಗೆ ಮರಳುವ ನಿಮ್ಮ ಪ್ರಯಾಣ ಸುಖವಾಗಲಿ. ಅಷ್ಟು ಸಭ್ಯವಾದ ಭಾಷೆಯಲ್ಲಿ ನನ್ನನ್ನು ಯಾರೂ ಬಾಗಿಲ ಹೊರಗೆ ಹಾಕಿರಲಿಲ್ಲ. ಆ ದೇಶದಲ್ಲಿ ಮನುಷ್ಯ ಬೇಡ ಎಂದರೆ ಬೇಡ ಎಂದೇ ಅರ್ಥ, ಹಿಂದಿನಿಂದ ಕರೆಯುವುದು ಅವನಿಗೆ ಅವಮಾನ ಮಾಡಿದಂತೆ ಎಂದು ಯೆನ್ಸ್ ವಿವರಿಸಿದ. ಅವನ ಮುಖವೂ ಬಿಳಿಚಿತ್ತು.

ಗೌರಮ್ಮನಿಗೆ ಇಂಗ್ಲಿಷು ಬಾರದು, ಆದರೆ ನನ್ನ ಮುಖ ಓದಲು ಬರುತ್ತದೆ. “ಏನದರಿ ಅದರಾಗ?” ಎಂದಳು. ಹೇಳಲೇಬೇಕಾಯಿತು. ಪೂರಾ ಕೇಳಿ, “ನೀವ ಬ್ಯಾಡಂದ್ರಿ?” ಎಂದಳು. ಮತ್ತೇನೂ ಕೇಳದೆ ಚಪ್ಪಲಿ ಮೆಟ್ಟಿ ಹೊರಗೆ ಹೋದಳು. ದಾರಿ ಗೊತ್ತಿಲ್ಲದ ಊರು. ನಾನು ಹಿಂದೆ ಓಡಿದೆ. ಯೆನ್ಸ್ ಬಾಗಿಲಲ್ಲೇ ಉಳಿದ.

ಮನೆಯ ಹತ್ತಿರ ಒಂದು ಕೆರೆ, ದಂಡೆಗೆ ಬೆಂಚು. ಸಂಜೆ ಏಳಾಗಿದ್ದರೂ ಬಿಸಿಲು ಚುರುಗುಡುತ್ತಿತ್ತು. ಅವಳು ಬೆಂಚಿನ ಒಂದು ತುದಿಗೆ ಕೂತಳು, ನಾನು ಇನ್ನೊಂದು ತುದಿಗೆ.

“ಕತ್ತಿಗೆ ಅಂಜಿದ್ರಿ. ಅಂಜಿದ್ರ ನನ್ನ ಮುಂದ ಹೇಳಬಾರದೇನು? ನಾ ಏನ್ ನಕ್ಕಬಿಡ್ತಿದ್ದೆನು?” ಎಂದಳು.

“ಕತ್ತಿಗಲ್ಲ,” ಎಂದೆ.

“ಮತ್ತ ಯಾತಕ್ಕ?”

ಅರವತ್ತು ವರ್ಷದ ಗಂಡಸು, ನೂರು ಮಂದಿಯನ್ನು ದುಡಿಸಿದವನು, ಹಾಡಹಗಲಲ್ಲಿ ನನ್ನ ಹೆಂಡತಿಗೇ ಆ ಮಾತನ್ನು ಮುಖ ನೋಡಿ ಹೇಳಲಾರದೆ ಹೋದೆ. ಕೆರೆಯ ಬಾತುಕೋಳಿಗಳನ್ನು ನೋಡುತ್ತ ಹೇಳಿದೆ. ಸಕೀನಾ ಬೀಯ ಬೆನ್ನು ಹೇಳಿದಷ್ಟನ್ನೂ ಒಂದು ಅಕ್ಷರ ಬಿಡದೆ ಹೇಳಿದೆ. ಡಾಕ್ಟರು ತಡೆದು ಇನ್ನೊಂದು ಮಾತು ಹೇಳಲಿ ಎಂದು ಎದ್ದು ಬಂದೆನೆಂದೂ, ಇದನ್ನೆಲ್ಲ ಕೇಳಿದರೆ ಈ ವಯಸ್ಸಿನಲ್ಲಿ ಇನ್ನೂ ಈ ಆಸೆಯೇ ಎಂದು ನೀನು ಹೇಸಿಕೊಳ್ಳುತ್ತೀ ಅನಿಸಿತೆಂದೂ ಹೇಳಿದೆ.

ಸೆರಗಿನ ಅಂಚನ್ನು ಮಡಚಿದಳು, ಬಿಚ್ಚಿದಳು.

“ಹಂಗಂದ್ರ ಅದು ನಿಮ್ಮೊಬ್ಬರದೇನ್ರಿ?” ಎಂದಳು. “ಕೊಡೂದೂ ನೀವ, ಇಟ್ಗೊಳ್ಳೂದೂ ನೀವ. ನನಗ ಹೊರಗ ಕುಂದ್ರಿಸಿ ಒಳಗ ನೀವೊಬ್ಬರ ವ್ಯವಹಾರ ಮಾಡಿ ಬಂದ್ರಿ. ಅದರಾಗ ನನ್ನ ಪಾಲಿಲ್ಲೇನು?”

ಮೂವತ್ತೆಂಟು ವರ್ಷ ನಾನು ಅದನ್ನು ನನ್ನದೆಂದೇ ತಿಳಿದಿದ್ದೆ, ಅವಳದು ಸಹಿಸಿಕೊಳ್ಳುವುದಷ್ಟೇ ಎಂದು ತಿಳಿದಿದ್ದೆ. ನಾಚಿಕೆಯಾಯಿತು, ಅದಕ್ಕಿಂತ ಹೆಚ್ಚಾಗಿ ಒಂಥರ ಸಂತೋಷವೂ ಆಯಿತು. ಅವಳು ಮೂಗೊರಸಿಕೊಂಡು, “ನಾಳಿ ನಡ್ರಿ. ನಾನೂ ಒಳಗ ಬರ್ತೀನಿ,” ಎಂದಳು.

ಮತ್ತೆ ಆಸ್ಪತ್ರೆ

ಸರ್ಜನ್ ಡಾಕ್ಟರು ಬೇಸರ ಮಾಡಿಕೊಳ್ಳದೆ ಒಳಗೆ ಕರೆದರು. ಸಕೀನಾ ಬೀ ರೂಢಿಯಂತೆ ಕುರ್ಚಿ ಕಿಟಕಿಗೆ ತಿರುಗಿಸಿದಳು. ದೇವದುರ್ಗದ ಸಂತೆಯಲ್ಲಿ ಬಳೆಗಾರ ಸಾಬರೊಂದಿಗೆ ವಾದ ಮಾಡಿ ಕಲಿತ ದಖ್ಖನಿಯಲ್ಲಿ ಗೌರಮ್ಮ, “ತಂಗಿ, ಇತ್ತಾಗ ಮಾರಿ ಮಾಡು. ನಾನು ಮಾರಿ ನೋಡಿ ಮಾತಾಡಾಕಿ,” ಎಂದಳು. ಸಕೀನಾ ಬೀ ಕುರ್ಚಿ ತಿರುಗಿಸಿದಳು. ಅವಳ ಕಣ್ಣು ಹಸಿರು ಬಣ್ಣದವು ಎಂದು ನನಗೆ ಆಗಲೇ ಗೊತ್ತಾದದ್ದು.

ನಮ್ಮ ಮಾರುಕಟ್ಟೆಯ ರಿವಾಜನ್ನು ಸಕೀನಾ ಬೀ ಡಾಕ್ಟರಿಗೆ ಬಿಡಿಸಿ ಹೇಳಿದಳು. ಅವರು ನಗಲಿಲ್ಲ, ಬಹಳ ಗಂಭೀರವಾಗಿ, ಹಾಗಾದರೆ ಇವರು ನಿಜವಾಗಿ ಬೇಡ ಎಂದಾಗ ನನಗೆ ತಿಳಿಯುವುದು ಹೇಗೆ ಎಂದು ಕೇಳಿದರು.

“ಇವರು ಬ್ಯಾಡಂದಾಗ ನನಗ ಕೇಳ್ರಿ,” ಎಂದಳು ಗೌರಮ್ಮ. ಡಾಕ್ಟರು ಅದನ್ನು ಬರೆದುಕೊಂಡರು.

ಅದೇ ದಿನ ಸೂಜಿಯ ಡಾಕ್ಟರ ಹತ್ತಿರ ಕಳಿಸಿದರು. ಇವರು ಕುಳ್ಳಗೆ, ತಲೆ ಬೋಳು, ಮಾತಿಗಿಂತ ಚಿತ್ರ ತೋರಿಸುವುದು ಹೆಚ್ಚು. ಶಬ್ದದ ಅಲೆಯಿಂದ ಮೈಯೊಳಗಿನದನ್ನು ಪರದೆಯ ಮೇಲೆ ಮೂಡಿಸುವ ಯಂತ್ರವಿತ್ತು. ಬೂದಿ ಬಣ್ಣದ ಆ ಚಿತ್ರದಲ್ಲಿ ಗ್ರಂಥಿಯ ಅಂಚನ್ನು ಬೆರಳಿನಿಂದ ತೋರಿಸಿದರು. ಆಮೇಲೆ ಒಂದು ಕಾಳು ತೋರಿಸಿದರು, ಕಿರಣ ತುಂಬದ ಖಾಲಿ ಕಾಳು. ಜೀರಿಗೆಯಷ್ಟು ಉದ್ದ, ಅದಕ್ಕಿಂತ ತೆಳ್ಳಗೆ, ಲೋಹದ್ದು. ಗೌರಮ್ಮ ಅದನ್ನು ಅಂಗೈಯಲ್ಲಿಟ್ಟುಕೊಂಡು ತಿರುಗಿಸಿ ತಿರುಗಿಸಿ ನೋಡಿದಳು.

“ಇವನ್ನ ಹೆಂಗ ಬೇಕಂಗ ಚೆಲ್ಲತಾರೇನು, ಸಾಲು ಹಿಡೀತಾರೇನು?” ಎಂದು ಕೇಳಿದಳು.

ಸಾಲಾಗಿಯೇ, ಮುಂಚೆ ಲೆಕ್ಕ ಹಾಕಿ, ಇಷ್ಟಿಷ್ಟು ಅಂತರದಲ್ಲಿ ಎಂದರು ಡಾಕ್ಟರು. ಕೂರಿಗೆಯ ಬಿತ್ತನೆ ಎಂದು ಅವಳಿಗೆ ಸ್ವಲ್ಪ ಸಮಾಧಾನವಾಯಿತು. ಆಮೇಲೆ ಕರಿಕೆಯ ಪ್ರಶ್ನೆ ಹಾಕಿದಳು. ಸಕೀನಾ ಬೀಗೆ ಕರಿಕೆ ಅರ್ಥವಾಗಲು ಹೊತ್ತು ಹಿಡಿಯಿತು, ಡಾಕ್ಟರಿಗೆ ಇನ್ನೂ ಹೊತ್ತು. ಅವರು ಯೋಚನೆ ಮಾಡಿ, ರೋಗ ಈ ಅಂಚು ದಾಟಿದ್ದರೆ ನನ್ನ ಕಾಳು ಸಾಲುವುದಿಲ್ಲ, ಆದರೆ ಆಗ ಸರ್ಜನ್ ಡಾಕ್ಟರ ಕತ್ತಿಯೂ ಸಾಲುವುದಿಲ್ಲ. ನಮಗೆ ಕಂಡಷ್ಟರಲ್ಲಿ ದಾಟಿಲ್ಲ ಎಂದರು. ಕೆಲವು ತಿಂಗಳು ಮೂತ್ರ ಉರಿಯುತ್ತದೆ, ಗಳಿಗೆಗೊಮ್ಮೆ ಏಳಬೇಕಾಗುತ್ತದೆ. ಮೂತ್ರ ಸೋರುವ ಭಯ ಕಡಿಮೆ. ಆ ಇನ್ನೊಂದು ಸಂಗತಿ, ಇಲ್ಲಿಯವರೆಗೆ ನಾನು ನೋಡಿದ ಹೆಚ್ಚಿನವರಿಗೆ ಉಳಿದಿದೆ, ಎಲ್ಲರಿಗೂ ಎಂದು ಬರೆದುಕೊಡಲಾರೆ. ಎಲ್ಲಕ್ಕಿಂತ ಮುಖ್ಯವಾಗಿ ಇದು ಹೊಸದು. ಆಪರೇಷನ್ ಮಾಡಿಸಿಕೊಂಡವರು ಹದಿನೈದು ವರ್ಷದ ಮೇಲೆ ಹೇಗಿದ್ದಾರೆಂದು ನಮಗೆ ಗೊತ್ತು, ಕಾಳು ಹಾಕಿಸಿಕೊಂಡವರ ವಿಷಯ ಇನ್ನೂ ಗೊತ್ತಿಲ್ಲ ಎಂದರು. ತನ್ನ ಸರಕಿನ ಐಬನ್ನು ತಾನೇ ಮೊದಲು ತೋರಿಸುವ ವ್ಯಾಪಾರಿಯನ್ನು ನಾನು ಅಲ್ಲಿಯೇ ಕಂಡದ್ದು.

ಈಗ ಹೇಳಬೇಕಾದವರು ನಾವು. “ನಿಮ್ಮದು ನೀವು ಹೇಳ್ರಿ, ನನ್ನದು ನಾ ಹೇಳ್ತೀನಿ,” ಎಂದಳು ಗೌರಮ್ಮ. ಹಿಂದಿನ ದಿನದ ಬೆಂಚು ನನ್ನ ಮನಸ್ಸಿನಲ್ಲಿತ್ತು. ಬುಡಸಮೇತ ಹೋಗಲಿ ಎಂಬುದು ಅವಳ ಆಸೆ, ನನ್ನನ್ನು ಬದುಕಿಸಿಕೊಳ್ಳುವುದು ಅವಳಿಗೆ ಬೇಕು, ಅಷ್ಟನ್ನಾದರೂ ಕೊಡೋಣ ಎಂದು, “ಆಪರೇಷನ್,” ಎಂದೆ.

“ಸೂಜಿ,” ಎಂದಳು ಅವಳು, ಅದೇ ಗಳಿಗೆಗೆ.

ಸಕೀನಾ ಬೀ ಎರಡನ್ನೂ ಡಾಕ್ಟರಿಗೆ ಹೇಳಲಿಲ್ಲ. “ಮೊದಲ ಮನಿಯಾಗ ಒಂದಾಗ್ರಿ, ಆಮ್ಯಾಲ ಹೇಳ್ತೀನಿ,” ಎಂದು ಕೈಕಟ್ಟಿ ಕೂತಳು.

“ಕರಿಕಿ ಬೇರು ಅಂದಿದ್ದಿ?” ಎಂದೆ ನಾನು.

“ಅಂದಿದ್ದೆ. ಬದುವು ದಾಟಿಲ್ಲಂತಾರಲ್ಲ. ದಾಟಿದ್ರ ಕತ್ತೀನೂ ಸಾಲಂಗಿಲ್ಲಂತಾರ. ಹಂಗಿದ್ದ ಮ್ಯಾಲ ಇಡೀ ಹೊಲ ಯಾಕ ಕೆಡವಬೇಕ್ರಿ?”

“ಹೊಸಾದು ಅಂತಾರ. ನಾಳಿ ಏನರ ಆದ್ರ?”

“ಆದ್ರ ಇಬ್ಬರೂ ಕೂಡೇ ಆರಿಸಿದ್ದು. ಒಬ್ಬರಿಗೊಬ್ಬರು ಬೈಯಂಗಿಲ್ಲ. ಇಷ್ಟು ವರ್ಷ ನಿಮ್ಮ ಮಾತ ನಡದದ. ಇದೊಂದು ನನ್ನದು ನಡೀಲಿ.”

ಡಾಕ್ಟರು ಪರದೆಯ ಯಂತ್ರ ಬಂದ್ ಮಾಡಿ ಕಾಯುತ್ತಿದ್ದರು. ನಾನು ಸಕೀನಾ ಬೀಗೆ ತಲೆಯಾಡಿಸಿದೆ.

ಸೂಜಿಯ ದಿನ

ನಮ್ಮ ಮನೆತನದಲ್ಲಿ ಇಷ್ಟಲಿಂಗ ಮೈಬಿಟ್ಟು ಹೋಗಬಾರದು. ಥಿಯೇಟರಿಗೆ ಒಯ್ಯುವ ಮೊದಲು ನರ್ಸು ಕೊರಳಿಗೆ ಕೈ ಹಾಕಿದಳು, ನಾನು ಲಿಂಗವಿದ್ದ ಕರಡಿಗೆಯನ್ನು ಮುಷ್ಟಿಯಲ್ಲಿ ಹಿಡಿದುಕೊಂಡೆ. ಸಕೀನಾ ಬೀ ಅಡುಗೆಮನೆಯಿಂದ ಓಡಿ ಬಂದು ಏನೋ ಹೇಳಿದಳು. ಏನು ಹೇಳಿದಿರಿ ಎಂದು ಆಮೇಲೆ ಕೇಳಿದೆ. “ಇದನ್ನ ತೆಗದ್ರ ಈ ಮನಷ್ಯಾ ಇಲ್ಲಿ ಇರಂಗಿಲ್ಲ, ಬರೇ ಮೈ ಇರ್ತದ ಅಂದೆ,” ಎಂದಳು. ನರ್ಸು ಬೆಳ್ಳಿಯ ಕರಡಿಗೆಯನ್ನು ತೆಗೆದಿಟ್ಟು, ಲಿಂಗವನ್ನು ಬಿಳಿ ಬಟ್ಟೆಯಲ್ಲಿ ಸುತ್ತಿ ನನ್ನ ತೋಳಿಗೆ ಪಟ್ಟಿ ಹಚ್ಚಿ ಅಂಟಿಸಿದಳು. ನಮ್ಮ ಮಠದಲ್ಲಿಯೂ ಅಷ್ಟು ಜೋಪಾನವಾಗಿ ಯಾರೂ ಕಟ್ಟಿರಲಿಲ್ಲ.

ಸೊಂಟದ ಕೆಳಗೆ ಮರಗಟ್ಟಿಸಿದ್ದರು, ನನಗೆ ಏನೂ ತಿಳಿಯಲಿಲ್ಲ. ಡಾಕ್ಟರು ಪರದೆ ನೋಡುತ್ತ ಒಂದೊಂದು ಸೂಜಿಗೂ ಒಂದು ಅಂಕಿ ಹೇಳುತ್ತಿದ್ದರು, ಇನ್ನೊಬ್ಬರು ಬರೆದುಕೊಳ್ಳುತ್ತಿದ್ದರು. ಮಧ್ಯಾಹ್ನದ ಊಟದೊಳಗೆ ಎಲ್ಲ ಮುಗಿಯಿತು. ಹೊರಗೆ ತಂದಾಗ ಯೆನ್ಸ್ ಅಳುಮುಖ ಮಾಡಿಕೊಂಡು, “ಊಟ ಆತೇನ್ರಿ?” ಎಂದ. ಆ ಒಂದು ಮಾತಿನಿಂದ ಎಷ್ಟು ಕೆಲಸ ತೆಗೆಯುತ್ತಾನೆ ಎಂದು ನನಗೆ ನಗು ಬಂತು.

ಮೂರನೆಯ ದಿನ ಮನೆಗೆ ಕಳಿಸುವಾಗ ಒಂದು ಸಣ್ಣ ಜರಡಿ ಕೊಟ್ಟರು. ಯಾವುದಾದರೂ ಕಾಳು ಸಡಿಲಾಗಿ ಮೂತ್ರದ ಜೊತೆ ಬಂದರೆ ಸಿಗಲಿ ಎಂದು, ಕೆಲವು ದಿನ ಅದರಲ್ಲಿ ಸೋಸಬೇಕು. ಅಷ್ಟು ವರ್ಷ ಅಕ್ಕಿಯಲ್ಲಿನ ಕಲ್ಲು ಸೋಸಿದವನಿಗೆ ದೇವರು ಇಟ್ಟಿದ್ದ ಕೊನೆಯ ಜರಡಿ ಇದು. ಒಂದೂ ಕಾಳು ಉದುರಲಿಲ್ಲ.

ಕೊನೆಯ ದಿನ ಸೂಜಿಯ ಡಾಕ್ಟರು ಗೌರಮ್ಮನನ್ನೇ ಮುಂದೆ ಕೂಡಿಸಿಕೊಂಡು ನಿಯಮ ಹೇಳಿದರು. ಕಾಳಿನ ಬಲ ತಿಂಗಳು ತಿಂಗಳು ಇಳಿಯುತ್ತ ಹೋಗುತ್ತದೆ. ಅಲ್ಲಿಯವರೆಗೆ ಇವರು ಮೊಮ್ಮಕ್ಕಳನ್ನು ತೊಡೆಯ ಮೇಲೆ ಕೂಡಿಸಿಕೊಳ್ಳಬಾರದು, ಬಸುರಿಯರ ಹತ್ತಿರ ಕೂಡಬಾರದು. ನಿಮಗೆ ಅಪಾಯವೇನಿಲ್ಲ, ಆದರೂ ಎರಡು ತಿಂಗಳು ಇವರಿಂದ ಒಂದು ಮೊಳದಷ್ಟು ದೂರ ಇದ್ದರೆ ಒಳ್ಳೆಯದು ಎಂದರು. ತಮ್ಮ ತೋಳು ಚಾಚಿ, ಇಷ್ಟು ಎಂದು ಮೇಜಿನ ಮೇಲೆ ಮೊಣಕೈಯಿಂದ ಬೆರಳ ತುದಿಯವರೆಗೆ ತೋರಿಸಿದರು. ಗೌರಮ್ಮ ಆಗಲಿ ಎಂದಳು. ಸಕೀನಾ ಬೀಯ ಎರಡೂ ಕೆನ್ನೆ ಸವರಿ ತನ್ನ ಹಣೆಗೆ ನೆಟಿಗೆ ಮುರಿದುಕೊಂಡು ಹೊರಗೆ ಬಂದಳು.

ರಾಯಚೂರು ಬಸ್ ನಿಲ್ದಾಣ

ಈ ಬರಹದ ಹೊತ್ತಿಗೆ ಮೂರು ವರ್ಷವಾಗಿದೆ. ರಾಯಚೂರಿನ ಡಾಕ್ಟರು ಆರು ತಿಂಗಳಿಗೊಮ್ಮೆ ಬೆರಳಿಟ್ಟು ನೋಡಿ, ಗಂಟು ಕೈಗೆ ಹತ್ತವಲ್ದು ಎನ್ನುತ್ತಾರೆ. ಹತ್ತು ವರ್ಷದ ಮೇಲೆ ಏನೋ, ಅದು ಆ ಡೆನ್ಮಾರ್ಕಿನ ಡಾಕ್ಟರಿಗೂ ಗೊತ್ತಿಲ್ಲ. ಗೊತ್ತಿಲ್ಲ ಎಂಬುದನ್ನು ಇಬ್ಬರೂ ಕೂಡಿ ಹೊತ್ತಿದ್ದೇವೆ, ಆದ್ದರಿಂದ ಅಷ್ಟು ಭಾರವೆನಿಸುವುದಿಲ್ಲ.

ಊರಿಗೆ ಮರಳಿದ ದಿನದ್ದು ಒಂದು ಹೇಳುವುದು ಉಳಿದಿದೆ. ವಿಮಾನದಲ್ಲಿಯೂ ಮುಂಬಯಿಯ ರೈಲಿನಲ್ಲಿಯೂ ಗೌರಮ್ಮ ಡಾಕ್ಟರ ಮಾತನ್ನು ಚಾಚೂ ತಪ್ಪದೆ ನಡೆಸಿದ್ದಳು. ನಮ್ಮಿಬ್ಬರ ನಡುವೆ ಒಂದು ಚೀಲ ಇಟ್ಟುಕೊಂಡೇ ಕೂತಿದ್ದಳು. ನೀರಿನ ತಂಬಿಗೆ ಕೊಡುವಾಗಲೂ ತೋಳು ಚಾಚಿ ಕೊಡುತ್ತಿದ್ದಳು. ರಣಬಿಸಿಲಿನಲ್ಲಿ ರಾಯಚೂರಿನಲ್ಲಿ ಇಳಿದು, ಮಾನ್ವಿಯ ಬಸ್ಸು ಹತ್ತಿ ಮೂವರ ಸೀಟಿನಲ್ಲಿ ನಡುವೆ ಆ ಚೀಲ ಇಟ್ಟು ನಾನು ಕಿಟಕಿಗೆ ಕೂತೆ. ಬಸ್ಸಿನ ಬಾಗಿಲ ಬಳಿ ಹೂ ಮಾರುವವಳು ಬುಟ್ಟಿ ಹೊತ್ತು ನಿಂತಿದ್ದಳು. ಗೌರಮ್ಮ ಕೆಳಗೇ ನಿಂತು ಒಂದು ಮೊಳ ಮಲ್ಲಿಗೆ ಕೇಳಿದಳು. ಆಕೆ ಮೊಣಕೈಗೂ ಮುಂಚೆಯೇ ಮಾಲೆ ಹಿಡಿದು ಅಳೆದು ಹರಿದಳು.

“ಇದ್ಯಾವ ಮೊಳ ಯವ್ವಾ? ಗೇಣಿಗಿಂತ ಒಂದೀಟು ದೊಡ್ಡದು,” ಎಂದಳು ಗೌರಮ್ಮ.

“ನಮ್ಮ ಮೊಳ ಇಷ್ಟರಿ ಯವ್ವಾ. ಯಾರ ಕೈ ಅಳೀತದೋ ಅವರ ಮೊಳ,” ಎಂದಳು ಆಕೆ.

ಗೌರಮ್ಮ ಇನ್ನೊಂದು ಮಾತಾಡದೆ ಹೂ ಮುಡಿದುಕೊಂಡು ಒಳಗೆ ಬಂದಳು. ನಡುವಿನ ಚೀಲ ಎತ್ತಿ ತಲೆ ಮೇಲಿನ ಸಾಮಾನು ಹಲಗೆಗೆ ಇಟ್ಟಳು. ಸೀಟಿನ ಮೇಲೆ ನನ್ನ ಧೋತರದ ಅಂಚಿನಿಂದ ಅಳೆಯಲು ಶುರುಮಾಡಿದಳು. ಮೊಣಕೈ ಊರಲಿಲ್ಲ, ಮಣಿಕಟ್ಟೂ ಊರಲಿಲ್ಲ. ನಾಲ್ಕು ಬೆರಳು ಜೋಡಿಸಿ ಇಟ್ಟಳು, ಬಸ್ಸಿನ ತುಂಬ ಮಂದಿ ಇದ್ದರೂ ಯಾರನ್ನೂ ನೋಡಲಿಲ್ಲ.

“ಒಂದು ಮೊಳ ಆತ್ರಿ,” ಎಂದು ಹೇಳಿ ಅಲ್ಲೇ ಕೂತಳು.